ಉಂಡಿತು, ಉಂಡಳು, ಉಂಡರು

ಸ್ಪ್ಯಾನಿಷ್ ಕಲಿಯಲು ಕೂತವರಿಗೆ ಮೊದಲ ಪಾಠಗಳಲ್ಲೇ ಮೇಜು ಹೆಣ್ಣಾಗುತ್ತದೆ, ಪುಸ್ತಕ ಗಂಡಾಗುತ್ತದೆ. ಕೆಂಪು ಮೇಜು ‘ಲಾ ಮೆಸಾ ರೋಹಾ’. ಮೇಜು ಹಲವಾದರೆ ‘ಲಾಸ್ ಮೆಸಾಸ್ ರೋಹಾಸ್’. ಪುಸ್ತಕಕ್ಕೆ ಬಂದರೆ ಅದೇ ಕೆಂಪು ‘ರೋಹೊ’. ನಾಮಪದದ ಲಿಂಗವನ್ನೂ ವಚನವನ್ನೂ ವಿಶೇಷಣ ಹೊರಲೇಬೇಕು. ಮರಾಠಿ ಬಲ್ಲ ಧಾರವಾಡ ಸೀಮೆಯವರಿಗೆ ಇದು ತೀರ ಹೊಸದೇನಲ್ಲ. ಕನ್ನಡದಲ್ಲಿ ಮಾತ್ರ ಸೀರೆಗೂ ರುಮಾಲಿಗೂ ಕೆಂಪು ಕೆಂಪೇ. ‘ಎರಡು ಎತ್ತು’ ಎಂದರೆ ಸಾಕು, ‘ಗಳು’ ಬೇಕೆಂಬ ಹಟವಿಲ್ಲ.

ನಮ್ಮಲ್ಲಿ ಲಿಂಗ ಕಾಣುವುದು ಕ್ರಿಯಾಪದದ ತುದಿಯಲ್ಲಿ: ಬಂದನು, ಬಂದಳು, ಬಂದಿತು. 13ನೇ ಶತಮಾನದ ‘ಶಬ್ದಮಣಿದರ್ಪಣ’ದಲ್ಲಿ ಕೇಶಿರಾಜ ಗುರುತಿಸಿದಂತೆ ಕನ್ನಡದ ಲಿಂಗ ಅರ್ಥವನ್ನು ಹಿಂಬಾಲಿಸುತ್ತದೆ. ಗಂಡಸರು ಪುಲ್ಲಿಂಗ, ಹೆಂಗಸರು ಸ್ತ್ರೀಲಿಂಗ, ಉಳಿದದ್ದು ನಪುಂಸಕ. ಅಂದಮೇಲೆ ವಾಕ್ಯ ಮುಗಿಸುವಾಗಲೆಲ್ಲ ಒಂದು ತೀರ್ಮಾನ ಮಾಡುತ್ತಿರುತ್ತೇವೆ: ಇದು ವಸ್ತುವೋ, ವ್ಯಕ್ತಿಯೋ?

ನವಲಗುಂದ, ಅಣ್ಣಿಗೇರಿಯ ಎರೆಹೊಲ ವರ್ಷವಿಡೀ ‘ಅದು’. ಒಣಗೈತಿ, ಬಿರಿದೈತಿ ಅನ್ನುತ್ತಾರೆ. ಸೀಗಿ ಹುಣ್ಣಿವಿಗೆ ಹೊಲದಲ್ಲಿ ಚರಗದ ಎಡೆ ಚೆಲ್ಲಿದಾಗ ಅದೇ ಮಣ್ಣು ಭೂತಾಯಿ, ಆಕೆ ‘ಉಂಡಳು’. ನೊಗ ಹೊತ್ತ ಎತ್ತು ‘ಬಂತು’. ಪೂಜೆಗೊಂಡ ಬಸವಣ್ಣ ‘ಬಂದ’. ಮಣ್ಣೂ ಎತ್ತೂ ಇದ್ದಂತೆಯೇ ಇವೆ. ಋಣದ ನೆನಪು ಪ್ರತ್ಯಯವನ್ನು ಬದಲಿಸಿದೆ.

ಅದೇ ಪ್ರತ್ಯಯ ಕಸಿದುಕೊಳ್ಳಲೂ ಬಲ್ಲದು. ತೊಟ್ಟಿಲ ಕೂಸು ‘ಅತ್ತಿತು’ ಎಂದರೆ ಮುದ್ದು. ಮನೆ ನಡೆಸುವ ಹೆಣ್ಣುಮಗಳ ಕುರಿತು ‘ಅದಕ್ಕೇನ ತಿಳೀತೈತಿ’ ಎಂದರೆ, ಅವಳ ವಿವೇಕವನ್ನೇ ಅಲ್ಲಗಳೆದಂತೆ.

ವಚನದ ಕಡೆ ನೋಡಿದರೆ ಬೆರಗು ಹೆಚ್ಚುತ್ತದೆ. ಸ್ಪ್ಯಾನಿಷ್‌ನ ರೂಢಿಯ ನಿಯಮದಂತೆ ಹೆಂಗಸರ ಗುಂಪಿಗೆ ಒಬ್ಬ ಗಂಡಸು ಸೇರಿದರೂ ಇಡೀ ಗುಂಪು ಪುಲ್ಲಿಂಗ. ಕನ್ನಡದ ‘ಬಂದರು’ ಗಂಡು ಹೆಣ್ಣೆಂದು ಕೇಳುವುದಿಲ್ಲ. ಒಬ್ಬರಿಗೇ ಬಳಸಿದರೆ ಅದು ಗೌರವ. ಮನುಷ್ಯರನ್ನು ಎತ್ತಿ ಹೇಳಬೇಕಾದಾಗ ನಮ್ಮ ನುಡಿ ಅವರ ಲಿಂಗವನ್ನು ಮರೆಯುತ್ತದೆ. ಆದರೂ ಗೌಡರು ‘ಬಂದರು’, ಕಳೆ ಕೀಳುವವಳು ‘ಬಂದಳು’ ಎಂಬ ಅಂತರವನ್ನು ನಾವು ಉಳಿಸಿಕೊಂಡಿದ್ದೇವೆ.

ಸ್ಪ್ಯಾನಿಷ್‌ನ ಲಿಂಗವನ್ನು ಬಾಯಿಪಾಠ ಮಾಡಬಹುದು. ತಪ್ಪಿದರೆ ಮೇಜಿಗೆ ನೋವಿಲ್ಲ. ಕನ್ನಡ ಆಯ್ಕೆಯನ್ನು ನಮಗೇ ಬಿಟ್ಟಿದೆ. ಕೂಲಿಯಾಕೆಗೂ ‘ಬಂದರು’ ಎನ್ನಲು ವ್ಯಾಕರಣ ಎಂದೂ ಅಡ್ಡ ಬಂದಿಲ್ಲ. ಅಡ್ಡ ನಿಂತವರು ನಾವು.