ಆಕ್ಷೇಪಣೆ ಕಟ್ಟಡಕ್ಕೋ, ಬರುವವರಿಗೋ?

ತಮ್ಮ ಬೀದಿಯಲ್ಲಿ ಬಹುಮಹಡಿ ಕಟ್ಟಡವೊಂದು ಏಳಲಿದೆ ಎಂಬ ಸುದ್ದಿ ಕೇಳಿದ ಕೂಡಲೇ ಅಲ್ಲಿನ ಜನ ಆತಂಕಪಡುತ್ತಾರೆ. ಇದು ಸಹಜ. ಮನುಷ್ಯನಿಗೆ ಮನೆ ಎಂದರೆ ನಾಲ್ಕು ಗೋಡೆ ಮಾತ್ರವಲ್ಲ. ಕಿಟಕಿಯಿಂದ ಬರುವ ಬೆಳಕು, ಬಾಗಿಲ ಮುಂದಿನ ರಸ್ತೆ, ಬೀದಿ ನಲ್ಲಿಯ ನೀರು, ಎದುರುಮನೆಯ ಪರಿಚಯದ ಮುಖ ಇವೆಲ್ಲ ಸೇರಿಯೇ ಅದು ಮನೆಯಾಗುತ್ತದೆ. ಇವುಗಳಲ್ಲಿ ಒಂದಕ್ಕೆ ಧಕ್ಕೆ ಬಂದರೂ ಮನೆಗೇ ಧಕ್ಕೆ ಬಂದಂತೆ ಅನಿಸುತ್ತದೆ. ಆದರೆ ಆ ಆತಂಕವೆಲ್ಲ ನ್ಯಾಯವಾದದ್ದೇ ಎಂಬುದು ಬೇರೆ ಪ್ರಶ್ನೆ. ನೆರೆಯವನಾಗಿ ನನಗೆ ಎಷ್ಟು ಮಾತಿನ ಹಕ್ಕಿದೆ? ಆ ಹಕ್ಕು ಎಲ್ಲಿಗೆ ಮುಗಿಯುತ್ತದೆ? ಇದನ್ನು ನಾವು ಒಮ್ಮೆ ಕುಳಿತು ಯೋಚಿಸಬೇಕಾಗಿದೆ.

ಬಂಗಾರಪೇಟೆಯಂತಹ ಊರಿಗೆ ಈ ಪ್ರಶ್ನೆ ದೂರದ್ದಲ್ಲ. ಬೆಂಗಳೂರಿನಿಂದ ಸುಮಾರು 70 ಕಿ.ಮೀ. ದೂರದಲ್ಲಿರುವ ಈ ಜಂಕ್ಷನ್‌ನಿಂದ ಕೆಜಿಎಫ್‌ನ ಮಾರಿಕುಪ್ಪಂಗೆ ಕವಲು ಹಳಿ ಹೋಗುತ್ತದೆ. ಆ ಹಳಿ ಹಾಕಿದ್ದು ಚಿನ್ನದ ಗಣಿಗಾಗಿ. ಇಂದು ಅದರ ಮೇಲೆ ಓಡುವ ರೈಲುಗಳು ಬೆಂಗಳೂರಿಗೆ ದುಡಿಮೆಗೆ ಹೋಗುವವರನ್ನು ಹೊತ್ತೊಯ್ಯುತ್ತವೆ. ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯ ಕರ್ನಾಟಕದ ಭಾಗದಲ್ಲಿ 2024ರ ಕೊನೆಯಿಂದ ವಾಹನಗಳು ಓಡಾಡುತ್ತಿವೆ. ರಸ್ತೆ ಬಂದ ಕಡೆ ಬಡಾವಣೆ ಬರುತ್ತದೆ, ಬಡಾವಣೆಯ ಹಿಂದೆ ಅಪಾರ್ಟ್‌ಮೆಂಟು ಬರುತ್ತದೆ. ನಾಳೆ ಬಂಗಾರಪೇಟೆಯ ಹೆಂಚಿನ ಮನೆಗಳ ಬೀದಿಯೊಂದರಲ್ಲಿ ಹದಿನೈದು ಅಂತಸ್ತಿನ ಪ್ರಸ್ತಾವ ಬಂತೆಂದು ಇಟ್ಟುಕೊಳ್ಳೋಣ. ಬೀದಿಯವರು ಸೇರುತ್ತಾರೆ. ಏನು ಮಾತಾಡುತ್ತಾರೆ?

ಒಬ್ಬರು ನೀರಿನ ಬಗ್ಗೆ ಕೇಳುತ್ತಾರೆ, ಇನ್ನೊಬ್ಬರು ಚರಂಡಿಯ ಬಗ್ಗೆ. ಮತ್ತೊಬ್ಬರು ತಮ್ಮ ಅಂಗಳಕ್ಕೆ ಇನ್ನು ಬಿಸಿಲು ಬೀಳುವುದಿಲ್ಲ, ಮೇಲಿನ ಬಾಲ್ಕನಿಗಳಿಂದ ಹೆಣ್ಣುಮಕ್ಕಳ ಅಂಗಳ ಕಾಣುತ್ತದೆ ಎನ್ನುತ್ತಾರೆ. ಆಮೇಲೆ ಮೂಲೆಯಿಂದ ಒಂದು ತಗ್ಗಿದ ದನಿ ಬರುತ್ತದೆ: ‘ಎಂಥೆಂಥವರು ಬಂದು ಸೇರ್ತಾರೋ ಯಾರಿಗ್ಗೊತ್ತು?’ ಸಭೆಯಲ್ಲಿ ತಲೆಗಳು ಅಲ್ಲಾಡುತ್ತವೆ. ಮೊದಲಿನ ಮಾತುಗಳಿಗೂ ಕೊನೆಯ ಈ ಮಾತಿಗೂ ದೊಡ್ಡ ಅಂತರವಿದೆ. ಮೊದಲಿನವು ಆಗಬಹುದಾದ ತೊಂದರೆಯ ಕುರಿತು, ಕೊನೆಯದು ಬರಬಹುದಾದ ಮನುಷ್ಯರ ಕುರಿತು. ದುರದೃಷ್ಟವೆಂದರೆ ಮನವಿಪತ್ರ ಬರೆಯುವಾಗ ಎರಡೂ ಬೆರೆತುಹೋಗುತ್ತವೆ. ಕೊನೆಯ ಮಾತು ಮೊದಲಿನ ಮಾತುಗಳ ಅಂಗಿ ತೊಟ್ಟುಕೊಂಡು ಅಧಿಕಾರಿಯ ಮೇಜು ತಲುಪುತ್ತದೆ.

ತೊಂದರೆಯ ಕುರಿತಾದ ಮಾತಿನಲ್ಲಿ ಹುರುಳಿದೆ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೊಳವೆಬಾವಿಗಳು ಆಳಕ್ಕೆ, ಇನ್ನೂ ಆಳಕ್ಕೆ ಇಳಿದಿವೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಇಲ್ಲಿನ ಕೆರೆಗಳಿಗೆ ಹರಿಸಬೇಕಾಯಿತು. ಬಂಗಾರಪೇಟೆ ತಾಲೂಕಿನ ಯರಗೋಳ್ ಬಳಿ ಕುಡಿಯುವ ನೀರಿಗಾಗಿ ಕಟ್ಟಿದ ಅಣೆಕಟ್ಟು ಉದ್ಘಾಟನೆಯಾದದ್ದು 2023ರಲ್ಲಿ. ‘ಊರಿಗೆ ಬಂದವಳು ನೀರಿಗೆ ಬಾರಳೇ’ ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಇಂತಹ ಊರಿನಲ್ಲಿ ನೂರು ಮನೆಗಳ ಕಟ್ಟಡವೊಂದು ಬರುವಾಗ ‘ನೀರು ಎಲ್ಲಿಂದ?’ ಎಂದು ಕೇಳುವುದು ಹೊಟ್ಟೆಕಿಚ್ಚಲ್ಲ. ಅದು ಬರುವವರ ಪರವಾಗಿಯೂ ಕೇಳಬೇಕಾದ ಪ್ರಶ್ನೆ.

ಕಾನೂನು ಕೂಡ ಈ ವಿವೇಚನೆಯನ್ನು ಮಾಡಿದೆ. ನಮ್ಮ ದೇಶದ 1882ರ ಸರಾಗತೆ ಕಾಯ್ದೆಯ ಪ್ರಕಾರ ಕಟ್ಟಡವೊಂದು ಇಪ್ಪತ್ತು ವರ್ಷ ನಿರಾತಂಕವಾಗಿ ಹಕ್ಕಿನಿಂದ ಪಡೆದ ಗಾಳಿ-ಬೆಳಕಿಗೆ ರಕ್ಷಣೆಯಿದೆ. ಆದರೆ ಕಿಟಕಿಯಾಚೆಗಿನ ಚೆಂದದ ನೋಟಕ್ಕೆ ಅಂತಹ ಹಕ್ಕಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಹನಫಿ ನ್ಯಾಯಶಾಸ್ತ್ರವನ್ನು ಆಧರಿಸಿ ತುರ್ಕಿಯ ಉಸ್ಮಾನಿಯರು ರೂಪಿಸಿದ ‘ಮಜಲ್ಲಾ’ ಎಂಬ ಸಂಹಿತೆಯೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ನೆರೆಮನೆಯ ನೋಟ ಮರೆಯಾದರೆ ಅದು ಘೋರ ಹಾನಿಯಲ್ಲ. ಆದರೆ ಒಳಗೆ ಕುಳಿತವನಿಗೆ ಅಕ್ಷರ ಓದಲಾಗದಷ್ಟು ಕತ್ತಲಾದರೆ ಅದು ಘೋರ ಹಾನಿ. ಮನೆಯ ಹೆಂಗಸರು ಓಡಾಡುವ ಜಾಗ ನೆರೆಯ ಕಿಟಕಿಗೆ ಕಾಣುವಂತಾದರೆ ಅದೂ ಹಾನಿಯೇ, ತಡೆ ಕಟ್ಟಬೇಕು. ಅಂದರೆ ಅಂಗಳದ ಬಗ್ಗೆ ಆತಂಕಪಟ್ಟ ಆ ಹೆಂಗಸಿನ ಮಾತು ಹಳೆಯ ಕಾಲದ ಸಂಕೋಚವೆಂದು ತಳ್ಳಿಹಾಕುವಂತಹುದಲ್ಲ. ಅದಕ್ಕೆ ಪರಿಹಾರವೂ ಇದೆ: ಬಾಲ್ಕನಿಯ ದಿಕ್ಕು ಬದಲಿಸಬಹುದು, ಮರೆ ಕಟ್ಟಬಹುದು.

ನೆರೆಯವನ ಹಕ್ಕಿನ ಬಗ್ಗೆ ಪ್ರವಾದಿ ಮುಹಮ್ಮದ್(ಸ)ರ ಬೋಧನೆಯಲ್ಲಿ ಎರಡು ಮುಖಗಳಿವೆ. ನೆರೆಯವನ ಒಪ್ಪಿಗೆಯಿಲ್ಲದೆ ಅವನ ಗಾಳಿಗೆ ಅಡ್ಡವಾಗುವಂತೆ ಕಟ್ಟಡ ಏರಿಸಬಾರದು ಎಂಬ ಅರ್ಥದ ವರದಿಯೊಂದನ್ನು ಇಮಾಮ್ ಗಝಾಲಿ ತಮ್ಮ ಇಹ್ಯಾದಲ್ಲಿ ಸೇರಿಸಿದ್ದಾರೆ. ಅದರ ಸನದು ದುರ್ಬಲವೆಂದು ಹದೀಸ್ ವಿದ್ವಾಂಸರು ಹೇಳಿದ್ದರೂ ಅದರ ಆಶಯವನ್ನು ಯಾರೂ ಅಲ್ಲಗಳೆದಿಲ್ಲ. ಇನ್ನೊಂದು ಬುಖಾರಿಯಲ್ಲೇ ಇರುವ ಪ್ರಬಲ ವರದಿ: ನೆರೆಯವನು ತನ್ನ ತೊಲೆಯನ್ನು ನಿಮ್ಮ ಗೋಡೆಗೆ ಊರಲು ಬಂದರೆ ತಡೆಯಬೇಡಿ ಎಂಬುದು ಅದರ ಸಾರಾಂಶ. ಮೊದಲನೆಯದು ಕಟ್ಟುವವನಿಗೆ ಹೇಳಿದ್ದು, ಎರಡನೆಯದು ಮೊದಲೇ ಕಟ್ಟಿಕೊಂಡವನಿಗೆ. ನಾವು ಸಭೆಗಳಲ್ಲಿ ಮೊದಲನೆಯದನ್ನು ಮಾತ್ರ ನೆನೆಯುತ್ತೇವೆ. ನನ್ನ ಗೋಡೆಯೂ ಇನ್ನೊಬ್ಬನ ಸೂರಿನ ಭಾರ ಸ್ವಲ್ಪ ಹೊರಬೇಕಾಗುತ್ತದೆ ಎಂಬ ಎರಡನೆಯ ಮಾತು ಮರೆತುಹೋಗುತ್ತದೆ.

ಈ ಎರಡು ಬಗೆಯ ಆಕ್ಷೇಪಣೆಗೆ ನಮ್ಮ ಕಾಲದಲ್ಲೇ ಎರಡು ಉದಾಹರಣೆಗಳಿವೆ. ನೋಯ್ಡಾದ ಎಮರಾಲ್ಡ್ ಕೋರ್ಟ್ ಎಂಬ ವಸತಿ ಸಮುಚ್ಚಯದ ನಿವಾಸಿಗಳು ತಮ್ಮ ಆವರಣದಲ್ಲಿ ಎದ್ದ ಅವಳಿ ಗೋಪುರಗಳ ವಿರುದ್ಧ ಹೈಕೋರ್ಟಿಗೆ ಹೋದರು. ಸ್ವತಃ ಅವರೇ ಬಹುಮಹಡಿ ಕಟ್ಟಡದಲ್ಲಿ ವಾಸಿಸುವವರು. ಅವರಿಗೆ ಎತ್ತರದ ಮೇಲಾಗಲಿ ಬರುವವರ ಮೇಲಾಗಲಿ ದ್ವೇಷವಿರಲಿಲ್ಲ. ಕಟ್ಟಡಗಳ ನಡುವೆ ಬಿಡಬೇಕಾದ ಅಂತರ ಬಿಟ್ಟಿಲ್ಲ, ಎಲ್ಲರಿಗೂ ಸೇರಿದ ಹಸಿರು ಜಾಗವನ್ನು ತಮ್ಮ ಒಪ್ಪಿಗೆಯಿಲ್ಲದೆ ತೆಗೆದುಕೊಳ್ಳಲಾಗಿದೆ ಎಂಬುದು ಅವರ ದೂರು. ಸುಪ್ರೀಂ ಕೋರ್ಟ್ 2021ರ ಆಗಸ್ಟ್ 31ರಂದು ಆ ದೂರನ್ನು ಎತ್ತಿಹಿಡಿಯಿತು. ಮರುವರ್ಷ ಆಗಸ್ಟ್ 28ರಂದು ಎರಡೂ ಗೋಪುರಗಳು ನೆಲಸಮವಾದವು.

ಇನ್ನೊಂದು ಗುಜರಾತಿನ ವಡೋದರದ್ದು. ಹರಣಿ ಪ್ರದೇಶದಲ್ಲಿ ಸರಕಾರಿ ಯೋಜನೆಯಡಿ ಕಟ್ಟಿದ 462 ಮನೆಗಳ ಸಮುಚ್ಚಯದಲ್ಲಿ 2017ರಲ್ಲಿ ಒಬ್ಬ ಮುಸ್ಲಿಮ್ ಮಹಿಳೆಗೆ ಮನೆ ಹಂಚಿಕೆಯಾಯಿತು. ಹಂಚಿಕೆ ನಿಯಮದಂತೆಯೇ ಆಗಿತ್ತು. ಆದರೂ ಕೆಲವು ನಿವಾಸಿಗಳು ಅದನ್ನು ರದ್ದುಪಡಿಸಬೇಕೆಂದು ಮನವಿ ಕೊಟ್ಟರು, 2024ರ ಜೂನ್‌ನಲ್ಲಿ ಪ್ರತಿಭಟನೆಯನ್ನೂ ನಡೆಸಿದರು. ಅಲ್ಲಿ ನೀರಿನ, ಚರಂಡಿಯ, ಬೆಳಕಿನ ತಕರಾರು ಇರಲಿಲ್ಲ. ಕಟ್ಟಡ ಮೊದಲೇ ನಿಂತಿತ್ತು. ತಕರಾರು ಇದ್ದದ್ದು ಬಾಗಿಲ ಮೇಲಿನ ಹೆಸರಿನ ಬಗ್ಗೆ.

ಎರಡನ್ನೂ ಪತ್ರಿಕೆಗಳು ‘ನಿವಾಸಿಗಳ ವಿರೋಧ’ ಎಂದೇ ಕರೆದವು. ಆದರೆ ಇವು ಒಂದೇ ತಕ್ಕಡಿಯಲ್ಲಿ ಇಡುವಂತಹವಲ್ಲ. ಆಕ್ಷೇಪಣೆ ಪ್ರಾಮಾಣಿಕವೇ ಎಂದು ನೋಡಲು ಒಂದು ಸರಳ ಪರೀಕ್ಷೆ ಸಾಕು: ಬರುವವರು ಯಾರೆಂದು ಹೇಳದೆಯೇ ಅದನ್ನು ಹೇಳಲು ಸಾಧ್ಯವೇ? ಬರುವವರು ನನ್ನ ಜಾತಿಯವರು, ನನ್ನ ಮತದವರು, ನನ್ನಷ್ಟೇ ಸಂಬಳದವರು ಆಗಿದ್ದರೂ ಇದೇ ಮಾತನ್ನು ಇದೇ ದನಿಯಲ್ಲಿ ಹೇಳುತ್ತಿದ್ದೆನೇ? ಹೌದಾದರೆ ಅದು ಹಾನಿಯ ಕುರಿತ ಮಾತು, ಅದಕ್ಕೆ ಉತ್ತರ ಸಿಗಲೇಬೇಕು. ಅಲ್ಲವಾದರೆ ಅದು ಬೇಲಿ.

ಈ ಪರೀಕ್ಷೆಯನ್ನು ನಮ್ಮ ಮೇಲೂ ನಾವು ಮಾಡಿಕೊಳ್ಳಬೇಕು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಹೆಸರು ಕೇಳಿ ಬಾಗಿಲು ಮುಚ್ಚಿದ ಅನುಭವ ಎಷ್ಟೋ ಮುಸ್ಲಿಮರಿಗೂ ದಲಿತರಿಗೂ ಇದೆ. ಹಾಗೆಂದು ನಮ್ಮ ಮೊಹಲ್ಲಾಗಳೆಲ್ಲ ಎಲ್ಲರಿಗೂ ತೆರೆದಿವೆಯೇ? ಹೊರರಾಜ್ಯದ ಕೂಲಿಯವರಿಗೆ, ಪೌರಕಾರ್ಮಿಕರ ಕುಟುಂಬಕ್ಕೆ, ಒಂಟಿಯಾಗಿ ದುಡಿಯುವ ಹೆಣ್ಣುಮಗಳಿಗೆ ನಾವು ಮನೆ ಕೊಡುತ್ತೇವೆಯೇ? ನಮಗಾದ ಅನ್ಯಾಯವನ್ನು ಸರಿಯಾಗಿ ಅರಿತವರು ಅದನ್ನೇ ಇನ್ನೊಬ್ಬರಿಗೆ ಮಾಡಲಾರರು.

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಆಕ್ಷೇಪಣೆ ಹೇಳುವ ಹಕ್ಕು ಯಾರದು? ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಭೂಬಳಕೆ ಬದಲಾಯಿಸುವ ಮುನ್ನ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕರೆಯುವ ಪದ್ಧತಿಯಿದೆ. ಆದರೆ ಆ ಪ್ರಕಟಣೆಯನ್ನು ಓದುವವರು, ಓದಿ ಬರೆಯುವವರು ಹೆಚ್ಚಾಗಿ ಖಾತೆ-ಪತ್ರ ಇರುವವರು. ಬಂಗಾರಪೇಟೆಯಿಂದ ಕೆಲವೇ ನಿಲ್ದಾಣಗಳ ಆಚೆ, ಕೆಜಿಎಫ್‌ನಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ.

1880ರ ದಶಕದಿಂದ ಗಣಿ ಕೆಲಸಕ್ಕೆಂದು ತಮಿಳು ನಾಡಿನ ಉತ್ತರ ಆರ್ಕಾಟ್, ಸೇಲಂ ಮತ್ತು ಆಂಧ್ರದ ಚಿತ್ತೂರು ಕಡೆಗಳಿಂದ ಜನ ಬಂದರು. ಅವರಲ್ಲಿ ಬಹುಪಾಲು ದಲಿತರು. ಕಂಪೆನಿ ಅವರಿಗೆ ‘ಲೈನು’ಗಳನ್ನು ಕಟ್ಟಿಕೊಟ್ಟಿತು: ಸಾಲು ಸಾಲಾದ ಕಿರಿದಾದ ಮನೆಗಳು. ಚಾಂಪಿಯನ್ ರೀಫ್ ಗಣಿಯಲ್ಲಿ ಅವರು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೆಲಸ ಹೋಯಿತು, ಜನ ಉಳಿದರು. ಮೂರು-ನಾಲ್ಕು ತಲೆಮಾರು ಬಾಳಿದ ಆ ಲೈನ್ ಮನೆಗಳ ಹಕ್ಕುಪತ್ರಕ್ಕಾಗಿ ಎಷ್ಟೋ ಕುಟುಂಬಗಳು ವರ್ಷಗಟ್ಟಲೆ ಕಚೇರಿ ಅಲೆದಿವೆ.

ಕೆಜಿಎಫ್‌ನಲ್ಲಿ ಬಹುಮಹಡಿ ಗೋಪುರಗಳಿಲ್ಲ. ಆದರೆ ಎತ್ತರವಾದದ್ದೊಂದು ಇದೆ: ಜನ ಸೈನೈಡ್ ದಿಬ್ಬ ಎಂದು ಕರೆಯುವ, ಅದಿರಿನಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡಗಳು. ಅವುಗಳಲ್ಲಿ ಸುಮಾರು 3.3 ಕೋಟಿ ಟನ್ ಪುಡಿಯಿದೆ ಎಂಬ ಅಂದಾಜಿದೆ. ಗಾಳಿಕಾಲದಲ್ಲಿ ಅದರ ದೂಳು ಅಂಗಳ, ಅಡುಗೆಮನೆ, ಮಕ್ಕಳ ಎದೆ ಯಾವುದನ್ನೂ ಬಿಡುವುದಿಲ್ಲ. ಆ ಗುಡ್ಡಗಳನ್ನು ಎತ್ತರಿಸುವಾಗ ಯಾವ ಪ್ರಕಟಣೆ ಹೊರಟಿತ್ತು? ಲೈನಿನ ಯಾವ ಹೆಂಗಸನ್ನು ಕರೆದು ‘ನಿಮ್ಮ ಗಾಳಿಗೆ ಅಡ್ಡವಾಗುತ್ತದೆಯೇ’ ಎಂದು ಕೇಳಿದ್ದರು? 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಸುಮಾರು 1,003 ಎಕರೆಯಲ್ಲಿರುವ ಹದಿಮೂರು ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ನೀಡಿತು. ಕೆಲಸ ಬರಬಹುದೆಂಬ ಆಸೆ ಅಲ್ಲಿನವರಿಗಿದೆ. ದಿಬ್ಬ ಅಗೆದರೆ ದೂಳು ಹೆಚ್ಚೀತೆಂಬ ಭಯವೂ ಸಹಜ. ಎರಡನ್ನೂ ಹೇಳಿಕೊಳ್ಳುವ ಜಾಗ ಅವರಿಗೆ ಬೇಕು.

ಶ್ರೀಮಂತ ಬಡಾವಣೆಯ ಒಂದು ಮನೆಯ ಬಿಸಿಲಿಗಾಗಿ ವಕೀಲರು ವರ್ಷಗಟ್ಟಲೆ ವಾದಿಸುತ್ತಾರೆ. ಪತ್ರವಿಲ್ಲದ ಲೈನಿನ ಜನರ ಉಸಿರಿನ ಬಗ್ಗೆ ವಾದಿಸುವವರು ಕಡಿಮೆ. ಹಾನಿ ಆಗುವುದು ಪತ್ರಕ್ಕಲ್ಲ, ದೇಹಕ್ಕೆ. ಹಾಗಿರುವಾಗ ಮಾತಿನ ಹಕ್ಕೂ ಅಲ್ಲಿ ಬಾಳುವವನಿಗೆ ಇರಬೇಕು. ಮಾಲೀಕನಷ್ಟೇ ಬಾಡಿಗೆದಾರನೂ, ಹಕ್ಕುಪತ್ರ ಇಲ್ಲದವನೂ ನೆರೆಯವನೇ. ನೆರೆಯವನ ಹಕ್ಕನ್ನು ಅಷ್ಟೊಂದು ಒತ್ತಿ ಹೇಳಿದ ಧರ್ಮವು ನೆರೆಯವನ ಮನೆಪತ್ರ ನೋಡಿ ಬನ್ನಿ ಎಂದು ಹೇಳಿಲ್ಲ.

ಹಾಗಾದರೆ ಬಾಳುವವರೆಲ್ಲ ಬೇಡವೆಂದರೆ ಏನೂ ಕಟ್ಟುವುದೇ ಬೇಡವೇ ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಯೂ ನ್ಯಾಯವಾದದ್ದೇ. ಬೀದಿಯ ಸಭೆಯಲ್ಲಿ ಒಬ್ಬ ಮನುಷ್ಯ ಎಂದೂ ಇರುವುದಿಲ್ಲ: ಮುಂದೆ ಬರಲಿರುವವನು. ಬೆಂಗಳೂರಿನಲ್ಲಿ ಬಾಡಿಗೆ ಎಟುಕದೆ ನಸುಕಿನಲ್ಲೇ ಮಾರಿಕುಪ್ಪಂನಲ್ಲೋ ಬಂಗಾರಪೇಟೆಯಲ್ಲೋ ರೈಲು ಹತ್ತಿ, ರಾತ್ರಿ ಮಕ್ಕಳು ಮಲಗಿದ ಮೇಲೆ ಮನೆ ಸೇರುವವನು ಅವನು. ನಗರದ ಪ್ರತಿ ಬೀದಿಯೂ ‘ಇಲ್ಲಿ ಬೇಡ’ ಎಂದಾಗ ಅದರ ಬೆಲೆ ತೆರುವವನು ಅವನೇ. ಈಗ ಬರುವ ಗೋಪುರಗಳಲ್ಲಿ ಅವನಿಗೆ ಎಟುಕುವ ಮನೆಗಳಿರುವುದು ಕಡಿಮೆ ಎಂಬುದು ನಿಜ. ಹಾಗಾದರೆ ‘ಎತ್ತರ ಬೇಡ’ ಎಂದಷ್ಟೇ ಹೇಳಿ ಮನೆಗೆ ಹೋಗದೆ, ‘ಇದರಲ್ಲಿ ಅವನಿಗೆಷ್ಟು ಮನೆ?’ ಎಂದೂ ಬೀದಿಯವರು ಕೇಳಬೇಕಲ್ಲವೇ? ಒಂದು ಕಾಲದಲ್ಲಿ ನಮ್ಮಜ್ಜನೂ ಯಾವುದೋ ಊರಿಗೆ ಹೊಸಬನಾಗಿ ಬಂದು, ಯಾರದೋ ಗೋಡೆಗೆ ತನ್ನ ತೊಲೆ ಊರಿದವನೇ.

ಆದ್ದರಿಂದ ನಮ್ಮ ಬೀದಿಯಲ್ಲಿ ಇಂತಹ ಪ್ರಸ್ತಾವ ಬಂದ ದಿನ ಸಭೆ ಸೇರೋಣ, ಪ್ರಶ್ನೆ ಕೇಳೋಣ. ನೀರು, ಚರಂಡಿ, ಬೆಳಕು, ಬೆಂಕಿ ಬಿದ್ದರೆ ವಾಹನ ಬರುವ ದಾರಿ, ಕೆಳಗಿನ ನೆಲದ ಗಟ್ಟಿತನ ಇವಕ್ಕೆಲ್ಲ ಲಿಖಿತ ಉತ್ತರ ಪಡೆಯೋಣ. ಬಾಡಿಗೆಯವರನ್ನೂ, ಪತ್ರವಿಲ್ಲದವರನ್ನೂ ಮುಂದಿನ ಸಾಲಿನಲ್ಲಿ ಕೂರಿಸೋಣ. ಮೂಲೆಯಿಂದ ಆ ತಗ್ಗಿದ ದನಿ ಬಂದಾಗ ಮಾತ್ರ ತಲೆಯಾಡಿಸದೆ, ‘ಅದು ಇಲ್ಲಿನ ವಿಷಯವಲ್ಲ’ ಎಂದು ಹೇಳಲು ನಮ್ಮಲ್ಲೊಬ್ಬರು ಎದ್ದು ನಿಲ್ಲಬೇಕು.