ಪರವಾಗಿಲ್ಲ ಎಂಬ ಮುಳ್ಳು

ಪಾಲಹಳ್ಳಿಯ ನಮ್ಮ ಮನೆಯಲ್ಲಿ ಒಂದು ಹಳೆಯ ಕಾರಿದೆ, ಸ್ಟ್ಯಾಂಡರ್ಡ್ ಹೆರಾಲ್ಡ್. ಬೆಲ್ಲದ ವ್ಯಾಪಾರದಲ್ಲಿ ನಾಲ್ಕು ಕಾಸು ಕಂಡಾಗ ನಮ್ಮ ಮಾವನವರು ಕೊಂಡದ್ದು. 1961ರಿಂದ ಸುಮಾರು ಹತ್ತು ವರ್ಷ ಮದರಾಸಿನಲ್ಲಿ ಈ ಕಾರುಗಳು ತಯಾರಾಗುತ್ತಿದ್ದವು. ಇದರ ಬಾನೆಟ್ಟು ಇಡಿಯಾಗಿ ಮುಂದಕ್ಕೆ ತೆರೆಯುತ್ತದೆ, ರಂಗನತಿಟ್ಟಿನ ಮೊಸಳೆ ಬಾಯಿ ಬಿಟ್ಟ ಹಾಗೆ. ಇಂಗ್ಲೆಂಡಿನಲ್ಲಿ ಇದೇ ಹೆರಾಲ್ಡಿನ ಚಾಸಿಯನ್ನು ಗಿಡ್ಡ ಮಾಡಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಮಾಡಿದರು. ಈ ಸಂಗತಿಯನ್ನು ನಮ್ಮೆಜಮಾನರು ಮನೆಗೆ ಬಂದವರಿಗೆಲ್ಲ ಕಾಫಿಗಿಂತ ಮೊದಲೇ ಬಡಿಸುತ್ತಾರೆ. ‘ಅಂದರೆ ನಮ್ಮದು ಸ್ಪೋರ್ಟ್ಸ್ ಕಾರಿನ ಅಕ್ಕ’ ಎಂದು ನಾನು ಸೇರಿಸುತ್ತೇನೆ. ಅಕ್ಕನಿಗೆ ಈಗ ಮೊಣಕಾಲು ನೋವು, ಅಷ್ಟೆ.

ಕಳೆದ ವರ್ಷ ಮೈಸೂರಿನಲ್ಲಿ ಮದುವೆ ಮುಗಿಸಿ ಬರುವಾಗ ಸಿದ್ಧಲಿಂಗಪುರ ದಾಟುತ್ತಲೇ ಕಾರು ನಿಂತುಬಿಟ್ಟಿತು. ಯಜಮಾನರು ಪ್ಲಗ್ ಬಿಚ್ಚಿದರು, ಒರೆಸಿದರು, ಮತ್ತೆ ಹಾಕಿದರು. ರೇಷ್ಮೆ ಸೀರೆ ಉಟ್ಟು ಹೆದ್ದಾರಿಯ ಪಕ್ಕದಲ್ಲಿ ಟಾರ್ಚು ಹಿಡಿದು ನಿಂತಿದ್ದೆ ನಾನು. ಮುಕ್ಕಾಲು ಗಂಟೆಯಾದರೂ ಪೆಟ್ರೋಲಿನ ಯೋಚನೆ ಇಬ್ಬರಿಗೂ ಬರಲಿಲ್ಲ. ಹೇಗೆ ಬಂದೀತು? ಮುಳ್ಳು ಅರ್ಧ ಟ್ಯಾಂಕು ತೋರಿಸುತ್ತಿತ್ತಲ್ಲ! ಕೊನೆಗೆ ಯಾರೋ ಪುಣ್ಯಾತ್ಮರು ಬಂದು ಕಾರನ್ನು ಹಿಂದಿನಿಂದ ಅಲ್ಲಾಡಿಸಿ ಕಿವಿಗೊಟ್ಟು, ‘ಒಳಗೆ ಗುಳುಗುಳು ಅಂತಲೇ ಇಲ್ವಲ್ಲಾ ಸಾರ್’ ಎಂದರು.

ಮಾರನೆಯ ವಾರ ಶ್ರೀರಂಗಪಟ್ಟಣದಿಂದ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಬಂದರು. ಮೀಟರನ್ನೇ ಬದಲಾಯಿಸಬೇಕೇನೋ ಎಂದು ನಾವು ಅಂದುಕೊಂಡಿದ್ದೆವು. ಅವರು ಅದನ್ನು ಮುಟ್ಟಲಿಲ್ಲ. ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ತಾವು ಡಿಕ್ಕಿಯ ಹತ್ತಿರ ಹೋಗಿ, ಟ್ಯಾಂಕಿನಿಂದ ಬರುವ ವೈರನ್ನು ಕಳಚಿ ಕಾರಿನ ಬಾಡಿಗೆ ತಾಗಿಸಿದರು. ‘ಮುಳ್ಳು ಅಲ್ಲಾಡ್ತಾ ಮೇಡಮ್ಮೋರೇ?’ ಅದು ಅರ್ಧದಿಂದ ಸರ್ರನೆ ಒಂದು ತುದಿಗೆ ಹೋಗಿತ್ತು. ‘ಹಂಗಾರೆ ಮೀಟ್ರು ಚೆನ್ನಾಗದೆ. ಮುಳ್ಳಿಗೇನು ಗೊತ್ತು? ಕೆಳಗಿಂದ ಏನು ಹೇಳಿ ಕಳಿಸ್ತಾರೋ ಅದನ್ನೇ ತೋರುಸ್ತದೆ’ ಎಂದರು.

ಆಮೇಲೆ ಬ್ಯಾಟರಿ ಕಳಚಿ, ಬೀಡಿ ಸೇದುತ್ತಿದ್ದ ಆಳನ್ನು ದೂರ ಕಳಿಸಿ, ಟ್ಯಾಂಕಿನ ತಳದಲ್ಲಿದ್ದ ಪೆಟ್ರೋಲನ್ನೂ ಬಸಿದು, ಸ್ಕ್ರೂ ಬಿಚ್ಚಿ ಒಳಗಿನದನ್ನು ಹೊರತೆಗೆದರು. ಪೆಟ್ರೋಲಿನ ಮೇಲೆ ತೇಲುವ ಒಂದು ಬುರುಡೆ, ಅದಕ್ಕೊಂದು ತಂತಿಯ ತೋಳು. ತೋಳಿನ ಇನ್ನೊಂದು ತುದಿ ತೆಳುವಾದ ತಂತಿ ಸುರುಳಿಯ ಮೇಲೆ ಜಾರುತ್ತದೆ. ಪೆಟ್ರೋಲು ಏರಿ ಇಳಿದಂತೆ ಅಲ್ಲಿ ವಿದ್ಯುತ್ತಿಗಿರುವ ತಡೆ ಹೆಚ್ಚು ಕಡಿಮೆಯಾಗುತ್ತದೆ, ಮುಳ್ಳು ಅದನ್ನೇ ಅನುಸರಿಸುತ್ತದೆ. ನಮ್ಮ ಕಾರಿನಲ್ಲಿ ತೋಳಿನ ಕೀಲಿಗೆ ತುಕ್ಕು ಹಿಡಿದು, ಹಳೆಯ ಪೆಟ್ರೋಲಿನ ಜಿಗುಟು ಗೋಂದಿನಂತೆ ಮೆತ್ತಿಕೊಂಡು, ಬುರುಡೆ ನಡುವೆಯೇ ಸಿಕ್ಕಿಕೊಂಡಿತ್ತು. ಪೆಟ್ರೋಲು ಇಳಿದರೂ ಅದು ಇಳಿಯಲಿಲ್ಲ.

‘ಬುರುಡೆ ತೂತಾಗಿ ಮುಳುಗಿದ್ರೆ ವಾಸಿ ಇತ್ತು. ಮುಳ್ಳು ಖಾಲಿ ಅಂತ ತೋರ್ಸಿರೋದು, ಹೆದ್ರಿಕೊಂಡಾದ್ರೂ ಪೆಟ್ರೋಲ್ ಹಾಕಿಸ್ತಿದ್ರಿ. ಅರ್ಧಕ್ಕೆ ನಿಂತಿದ್ದೇ ನೋಡಿ ಮೋಸ’ ಎಂದರು ಅವರು, ಕೀಲಿಗೆ ಎಣ್ಣೆ ಬಿಡುತ್ತಾ.

ಆ ಮಾತು ಕೇಳಿ ನನಗೆ ಒಬ್ಬ ಹುಡುಗಿಯ ನೆನಪಾಯಿತು.

ಮೂರು ವರ್ಷದ ಹಿಂದೆ ನಾನು ಹತ್ತನೇ ತರಗತಿಯ ಕ್ಲಾಸ್ ಟೀಚರ್. ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ, ಗಲಾಟೆ ಮಾಡದ, ಒಂದು ದಿನವೂ ತಪ್ಪಿಸಿಕೊಳ್ಳದ ಹುಡುಗಿ. ಅವಳ ತಾಯಿ ಕೂಲಿಗೆ ಹೋಗುವವರು. ಸಿಕ್ಕಾಗಲೆಲ್ಲ ಸೆರಗಿನಲ್ಲಿ ಕೈ ಒರೆಸಿಕೊಂಡು ಕೇಳುತ್ತಿದ್ದರು: ‘ನಮ್ ಮಗ ಓದ್ತಾವ್ಳಾ ಮೇಡಮ್ಮೋರೇ?’ ನಾನು ನಗುತ್ತಾ ‘ಪರವಾಗಿಲ್ಲಮ್ಮ’ ಎನ್ನುತ್ತಿದ್ದೆ. ಆ ಹೆಣ್ಣುಮಗಳ ಮುಖ ಅರಳುತ್ತಿತ್ತು. ಒಳ್ಳೆಯ ಮಾತಾಡಿದೆ ಎಂದು ನನಗೂ ಸಮಾಧಾನ.

ಹುಡುಗಿ ಗಣಿತ, ಇಂಗ್ಲಿಷ್ ಎರಡರಲ್ಲೂ ಫೇಲಾದಳು. ಮತ್ತೆ ಪರೀಕ್ಷೆ ಕಟ್ಟಲಿಲ್ಲ. ಗಾರ್ಮೆಂಟ್ಸಿಗೆ ಸೇರಿದಳು. ತಾಯಿ ಜಗಳಕ್ಕೆ ಬರಲಿಲ್ಲ. ಬಸ್‌ಸ್ಟಾಪಿನಲ್ಲಿ ಸಿಕ್ಕಾಗ ಮೆಲ್ಲಗೆ ಹೇಳಿದರು: ‘ಪರವಾಗಿಲ್ಲ ಅಂದಿದ್ರಿ. ಮೊದ್ಲೇ ಗೊತ್ತಿದ್ರೆ ಮೇಕೆ ಮಾರಿಯಾದ್ರೂ ಟ್ಯೂಷನ್‌ಗೆ ಹಾಕ್ತಿದ್ದೆ.’

ನಾನು ಹೇಳಿದ್ದು ಸುಳ್ಳೇ? ಎಷ್ಟೋ ರಾತ್ರಿ ಈ ಪ್ರಶ್ನೆ ಕಾಡಿದೆ. ನೋಯಿಸುವ ಸತ್ಯವನ್ನು ಹೇಳದಿರುವುದು ಒಳ್ಳೆಯತನ ಎಂದು ನಮ್ಮನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಬೆಳೆಸಿದ್ದಾರೆ. ಅತ್ತೆ ‘ಹುಷಾರಾಗಿದ್ದೀಯಾ’ ಎಂದರೆ ‘ಪರವಾಗಿಲ್ಲ’. ತವರಿನಿಂದ ಫೋನು ಬಂದರೆ ‘ಪರವಾಗಿಲ್ಲ’. ಮನೆ ನಡೆಯಲು ಅಷ್ಟು ಜಿಗುಟು ಬೇಕೇನೋ. ಆದರೆ ನಮ್ಮ ಮಾತನ್ನು ನಂಬಿ ಒಬ್ಬರು ದಾರಿ ನಿರ್ಧರಿಸುವಾಗ ಆ ಮಾತು ಬರಿಯ ಉಪಚಾರವಲ್ಲ. ಅದು ಅಳತೆ.

ನಮ್ಮ ಸೀಮೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬೆಳಿಗ್ಗೆ ಪೇಪರ್ ಬಂದರೆ ಮೊದಲು ನೋಡುವುದು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ. ಗರಿಷ್ಠ 124.80 ಅಡಿ ಎಂಬುದು ಮಕ್ಕಳಿಗೂ ಬಾಯಿಪಾಠ. 2023ರ ಬರದಲ್ಲಿ ಕಟ್ಟೆ ತುಂಬಲೇ ಇಲ್ಲ. ರೈತರಿಗೆ ಬೇಸರವಾದೀತೆಂದು ಯಾರಾದರೂ ಕರುಣೆಯಿಂದ ನಾಲ್ಕಡಿ ಹೆಚ್ಚಿಗೆ ಬರೆದಿದ್ದರೆ? ನಾಲೆ ನಂಬಿ ಭತ್ತ ನಾಟಿ ಮಾಡಿದವರ ಗತಿ ಏನಾಗುತ್ತಿತ್ತು? ಅಳತೆಯಲ್ಲಿ ಕರುಣೆ ಬೆರೆಸಿದರೆ ಅದರ ಬೆಲೆಯನ್ನು ಕರುಣೆ ತೋರಿಸಿದವರು ತೆರುವುದಿಲ್ಲ, ನಂಬಿದವರು ತೆರುತ್ತಾರೆ.

ಆದರೂ ಮೆಕ್ಯಾನಿಕ್ ಹೇಳಿದ್ದು ನನ್ನನ್ನು ಇನ್ನೊಂದು ಹೆಜ್ಜೆ ಮುಂದೆ ನಡೆಸಿತು. ತಪ್ಪು ಮುಳ್ಳಿನದಲ್ಲ, ಕೆಳಗಿನದು. ನಿಜ ಹೇಳಬೇಕೆಂದರೆ ಆ ಹುಡುಗಿ ಫೇಲಾಗುತ್ತಾಳೆಂದು ಗೊತ್ತಿದ್ದೂ ನಾನು ಮುಚ್ಚಿಟ್ಟಿರಲಿಲ್ಲ. ನನಗೆ ಗೊತ್ತೇ ಇರಲಿಲ್ಲ. ಅವಳ ಗಣಿತದ ನೋಟ್‌ಬುಕ್ಕನ್ನು ನಾನು ಒಮ್ಮೆಯೂ ತೆರೆದಿರಲಿಲ್ಲ, ಆ ಮೇಷ್ಟ್ರನ್ನು ಕೇಳಿರಲಿಲ್ಲ. ಸದ್ದು ಮಾಡದ ಹುಡುಗಿ ‘ಪರವಾಗಿಲ್ಲ’ ಎಂದು ಯಾವತ್ತೋ ನನ್ನೊಳಗೆ ಬುರುಡೆ ಸಿಕ್ಕಿಕೊಂಡಿತ್ತು. ಸತ್ಯ ಹೇಳುವುದು ಆಮೇಲಿನ ಮಾತು, ತಿಳಿದುಕೊಳ್ಳುವುದು ಮೊದಲ ಧರ್ಮ. ಪುಣ್ಯಕೋಟಿಯ ಕತೆಯನ್ನು ಎಷ್ಟು ಮಕ್ಕಳಿಗೆ ಹೇಳಿದ್ದೇನೋ, ಇದು ಹೊಳೆದಿರಲಿಲ್ಲ.

ತೋಳು ಸಲೀಸಾದ ಮೇಲೆ ಅದನ್ನು ಮತ್ತೆ ಕೂರಿಸಿ, ಐದೈದು ಲೀಟರ್ ಪೆಟ್ರೋಲ್ ಹುಯ್ಯುತ್ತಾ ಮುಳ್ಳು ಎಲ್ಲೆಲ್ಲಿ ನಿಲ್ಲುತ್ತದೆಂದು ಚೀಟಿಯಲ್ಲಿ ಬರೆಸಿದರು. ಹೊರಡುವಾಗ ಒಂದು ಎಚ್ಚರಿಕೆ ಹೇಳಿದರು: ‘ತಿರುವಿನಲ್ಲಿ, ದಿಬ್ಬದಲ್ಲಿ ಮುಳ್ಳು ನೋಡಿ ಗಾಬರಿ ಬೀಳಬೇಡಿ. ಪೆಟ್ರೋಲ್ ಕುಲುಕಾಡ್ತದೆ. ಮಟ್ಟದ ನೆಲದಲ್ಲಿ ನಿಲ್ಸಿ ನೋಡಿ.’ ಒಂದೇ ಪರೀಕ್ಷೆ ನೋಡಿ ಮಗುವಿನ ಹಣೆಬರಹ ಹೇಳಬಾರದೆಂದೂ ಅದರಲ್ಲಿ ಕಲಿತೆ.

ಈಗ ತಾಯಂದಿರು ಕೇಳಿದರೆ ನಾನು ತಕ್ಷಣ ಉತ್ತರ ಕೊಡುವುದಿಲ್ಲ. ‘ನಾಳಿದ್ದು ಬನ್ನಿ, ನೋಡಿ ಹೇಳ್ತೀನಿ’ ಎನ್ನುತ್ತೇನೆ. ನೋಟ್‌ಬುಕ್ ತೆರೆದು, ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ, ಇನ್ನೆಷ್ಟು ತಿಂಗಳಿದೆ ಎಂದು ತೋರಿಸುತ್ತೇನೆ. ಕೆಲವರ ಮುಖ ಸಪ್ಪಗಾಗುತ್ತದೆ. ನೋಡುವುದು ಕಷ್ಟ.

ಆ ಹುಡುಗಿಯ ತಾಯಿ ಈಗಲೂ ಬಸ್‌ಸ್ಟಾಪಿನಲ್ಲಿ ಸಿಗುತ್ತಾರೆ. ‘ಚೆನ್ನಾಗಿದ್ದೀರಾ ಮೇಡಮ್ಮೋರೇ?’ ಎಂದು ಮೊದಲಿನಂತೆಯೇ ಕೇಳುತ್ತಾರೆ. ‘ಪರವಾಗಿಲ್ಲ’ ಎಂಬ ಮಾತು ಬಾಯಿಗೆ ಬಂದು ಅಲ್ಲಿಯೇ ನಿಲ್ಲುತ್ತದೆ.