ಬಣ್ಣ ಹೇಳುವ ಸಾಕ್ಷಿ

ಮಾದಕ ದ್ರವ್ಯವೆಂದು ವಶಪಡಿಸಿಕೊಂಡ ವಸ್ತುವನ್ನು ಸ್ಥಳದಲ್ಲೇ ಕಿಟ್‌ನಿಂದ ಪರೀಕ್ಷಿಸುವಾಗ ತಪ್ಪಾದರೂ ಅನ್ಯಾಯವೇನಿಲ್ಲ, ಅದು ಪ್ರಾಥಮಿಕ ಪರೀಕ್ಷೆಯಷ್ಟೆ, ನಿಜವನ್ನು ಪ್ರಯೋಗಾಲಯ ಆಮೇಲೆ ಹೇಳುತ್ತದೆ ಎಂಬ ವಾದ ಕಾನೂನು ಬಲ್ಲವರಿಂದಲೇ ಕೇಳಿಬರುವುದು ಸಹಿಸಲಾಗದ ಸಂಗತಿ. ಹತ್ತು ಅಪರಾಧಿಗಳು ತಪ್ಪಿಸಿಕೊಂಡರೂ ಒಬ್ಬ ನಿರಪರಾಧಿಗೆ ಶಿಕ್ಷೆಯಾಗಬಾರದೆಂಬ ಬ್ಲ್ಯಾಕ್‌ಸ್ಟೋನನ ಮಾತಾಗಲಿ, ಒಟ್ಟು ಸುಖದ ಲೆಕ್ಕ ಹಾಕುವ ಉಪಯುಕ್ತತಾವಾದವಾಗಲಿ ಇಲ್ಲಿ ಹೆಚ್ಚು ನೆರವಾಗದು. ಇಲ್ಲಿನ ಪ್ರಶ್ನೆ ಶಿಕ್ಷೆಗೆ ಮೊದಲಿನ ದಿನಗಳದು.

ಇಂಥ ಕಿಟ್‌ನಲ್ಲಿರುವ, ಫಾರ್ಮಾಲ್ಡಿಹೈಡ್ ಬೆರೆತ ಗಂಧಕಾಮ್ಲ, ಅಂದರೆ ಮಾರ್ಕಿಸ್ ದ್ರಾವಣ, ಹೆರಾಯಿನ್‌ಗೆ ತಾಗಿದರೆ ನೇರಳೆಗೆ ತಿರುಗುತ್ತದೆ. ಕೊಕೇನ್‌ಗೆ ನೀಲಿಯಾಗುವ ಕೋಬಾಲ್ಟ್ ಥಯೊಸಯನೇಟ್, ಹಲ್ಲು ಕೀಳುವ ಮುನ್ನ ಒಸಡು ಮರಗಟ್ಟಿಸಲು ಕೊಡುವ ಲಿಡೊಕೇನ್‌ಗೂ ನೀಲಿಯಾಗಬಲ್ಲದು. ಬಿಳಿ ಪಂಚೆಗೆ ಬಿದ್ದ ಹುಳಿಯ ಕಲೆ ಸೋಪು ತಾಗಿದೊಡನೆ ರಕ್ತದಂತೆ ಕೆಂಪಾಗುವುದನ್ನೂ, ಅರಿಶಿನದ ನೀರಿಗೆ ಸುಣ್ಣ ಬೆರೆಸಿದಾಗ ಆರತಿಯ ಕೆಂಪು ಮೂಡುವುದನ್ನೂ ಕಂಡವರಿಗೆ, ಬಣ್ಣವು ವಸ್ತುವಿನ ಹೆಸರನ್ನಲ್ಲ, ಅದರ ನಡತೆಯನ್ನಷ್ಟೇ ಹೇಳುತ್ತದೆಂದು ವಿವರಿಸಬೇಕಿಲ್ಲ. ಸಾಧಿಸಬೇಕಾದದ್ದು ಇರುವಲ್ಲೂ ಇಲ್ಲದಲ್ಲೂ ಕಾಣಿಸಿಕೊಳ್ಳುವ ಇಂಥ ಗುರುತನ್ನು ಭಾರತೀಯ ತರ್ಕದ ನ್ಯಾಯಶಾಸ್ತ್ರ ಸವ್ಯಭಿಚಾರವೆನ್ನುತ್ತದೆ.

ಎದುರಾಳಿ ಇದನ್ನೆಲ್ಲ ಒಪ್ಪಿಯೇ ಮಾತಾಡುತ್ತಾನೆ: ಕಿಟ್ ಶಂಕೆಗೆ ಆಧಾರವೇ ಹೊರತು ತೀರ್ಪಿಗಲ್ಲ. ಆದರೆ ಮಾದಕ ದ್ರವ್ಯಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ 37ನೇ ಸೆಕ್ಷನ್ ಪ್ರಕಾರ, ವಾಣಿಜ್ಯ ಪ್ರಮಾಣದ ಆರೋಪವಿದ್ದು (ಗಾಂಜಾ 20 ಕೆ.ಜಿ., ಎಂಡಿಎಂಎ ಬರೀ 10 ಗ್ರಾಂ ಮೀರಿದರೆ ಸಾಕು) ಸರ್ಕಾರಿ ವಕೀಲರು ವಿರೋಧಿಸಿದರೆ, ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಸಕಾರಣಗಳಿವೆಯೆಂದೂ ಹೊರಬಂದು ಅಪರಾಧ ಎಸಗಲಾರನೆಂದೂ ನ್ಯಾಯಾಲಯಕ್ಕೆ ಮನವರಿಕೆಯಾಗದೆ ಜಾಮೀನಿಲ್ಲ. ಹಾಗಾಗಿ ಶಂಕೆಯೇ ತೀರ್ಪಿನ ಕೆಲಸ ಮಾಡುತ್ತದೆ. 2023ರಲ್ಲಿ ಕೇರಳದ ಚಾಲಕುಡಿಯಲ್ಲಿ ಎಲ್‌ಎಸ್‌ಡಿ ಎಂದು ವಶಪಡಿಸಿಕೊಂಡ ಕಾಗದದ ಚೂರುಗಳಲ್ಲಿ ಅದು ಇರಲೇ ಇಲ್ಲವೆಂಬುದು ರಾಸಾಯನಿಕ ವರದಿಯಿಂದ ಹೊರಬೀಳುವಷ್ಟರಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ಮಹಿಳೆಯೊಬ್ಬರು 72 ದಿನ ಜೈಲಿನಲ್ಲಿ ಕಳೆದಿದ್ದರು. ಪ್ರಯೋಗಾಲಯ ನಿಜವನ್ನೇ ಹೇಳಿತು. ಆ ದಿನಗಳನ್ನು ಅದು ಹಿಂದಿರುಗಿಸಲಿಲ್ಲ.

ಇಷ್ಟಾದರೂ ಎದುರಾಳಿಯ ಮಾತಿನಲ್ಲಿ ತಿರುಳಿಲ್ಲವೆನ್ನಲಾಗದು. ಕಿಟ್ಟೇ ಇಲ್ಲದಿದ್ದರೆ ಉಳಿಯುವುದು ಅಧಿಕಾರಿಯ ಮೂಗು ಮತ್ತು ಊಹೆ; ಬಣ್ಣ ಬಾರದಿದ್ದರೆ ಅಲ್ಲಿಯೇ ಬಿಟ್ಟು ಕಳಿಸುವ ಅವಕಾಶವನ್ನಾದರೂ ಕಿಟ್ ಕೊಡುತ್ತದೆ. ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲೇ ಮಾದರಿ ತೆಗೆಯಬೇಕೆಂದು 2016ರ ಮೋಹನ್‌ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪ್ರಯೋಗಾಲಯದ ವರದಿಗೆ 15 ದಿನಗಳ ಗಡುವನ್ನು ಇದೇ ಕಾಯ್ದೆಯಡಿಯ 2022ರ ನಿಯಮಗಳು ಇಟ್ಟಿವೆ.

ಪ್ರಯೋಗಾಲಯದ ಮೇಲಿನ ಭರವಸೆಯೂ ಪೂರ್ತಿ ಗಟ್ಟಿಯಲ್ಲ. ಕಾಯ್ದೆಯಲ್ಲಿ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ಆ ತುದಿ ಜೊತೆಗಿಲ್ಲದ ಎಲೆ ಮತ್ತು ಬೀಜ ಅದರಲ್ಲಿ ಸೇರುವುದಿಲ್ಲ. ಭಂಗಿ ಈ ವ್ಯಾಖ್ಯೆಯೊಳಗೆ ಬರುವುದೆಂದು ತೋರಿಸಲಾಗಿಲ್ಲವೆಂಬ ಕಾರಣಕ್ಕೆ 2022ರಲ್ಲಿ ಬೆಂಗಳೂರಿನ ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟ್ ಜಾಮೀನು ನೀಡಿತು. ಅಮಲಿನ ಅಂಶ ಎಲೆಯಲ್ಲೂ ಇರುವುದರಿಂದ, ಅರೆದ ಸೊಪ್ಪು ಗಿಡದ ಯಾವ ಭಾಗದ್ದೆಂಬ ಪ್ರಶ್ನೆಗೆ ಅದರ ಇರುವಿಕೆ ಉತ್ತರವಾಗದು.

ವರದಿ ಬರುವವರೆಗೆ 37ನೇ ಸೆಕ್ಷನ್ ಅನ್ವಯಿಸಬಾರದೆಂಬುದೇ ಈ ವಾದ ತಲುಪಬೇಕಿದ್ದ ತೀರ್ಮಾನ. ಆದರೆ ನಿಜವಾಗಿಯೂ ಹೆರಾಯಿನ್ ಸಾಗಿಸುತ್ತಿದ್ದವನು ಆ ಎಡೆಯಲ್ಲಿ ತಲೆಮರೆಸಿಕೊಳ್ಳುವುದನ್ನು ಯಾರು ತಡೆಯಬೇಕು? ಅದಕ್ಕಾಗಿ 15 ದಿನಗಳ ಬಂಧನವನ್ನು ಒಪ್ಪುವುದಾದರೆ 72 ದಿನಗಳನ್ನು ಏಕೆ ಒಪ್ಪಬಾರದೆಂಬುದಕ್ಕೆ, ಸಂಖ್ಯೆ ದೊಡ್ಡದೆನ್ನುವುದರ ಹೊರತು ಬೇರೆ ಕಾರಣ ಈ ವಾದಕ್ಕೆ ಇನ್ನೂ ಸಿಕ್ಕಿಲ್ಲ.